ಅತಿಥಿಗೆ ಕೋಣೆಯಿದೆ, ಕೈಗಳಿವೆಯೇ?

ಜುಲೈ ತಿಂಗಳ ಒಂದು ಶನಿವಾರ. ಹತ್ತು ದಿನ ಎಡೆಬಿಡದೆ ಸುರಿದ ಮಳೆ ಬೆಳಗಿನ ಜಾವಕ್ಕೆ ನಿಂತು ಹೊಳವಾಗಿದೆ. ಅಡಿಕೆ ತೋಟಕ್ಕೆ ಎರಡನೆಯ ಬಾರಿ ಬೋರ್ಡೋ ದ್ರಾವಣ ಸಿಂಪಡಿಸಲು ಕಾದಿದ್ದ ಮನೆಯವರಿಗೆ ಇಂಥ ದಿನ ಮತ್ತೆ ಯಾವಾಗ ಸಿಕ್ಕೀತೆಂಬ ಖಾತ್ರಿಯಿಲ್ಲ. ಅದೇ ದಿನ ಮಧ್ಯಾಹ್ನ, ಮಳೆ ನೋಡಲೆಂದು ಬೆಂಗಳೂರಿನಿಂದ ಹೊರಟ ನಾಲ್ವರು ಅತಿಥಿಗಳು ಅಂಗಳಕ್ಕೆ ಬಂದಿಳಿಯಲಿದ್ದಾರೆ. ಮನೆಯಲ್ಲಿರುವುದು ಗಂಡ, ಹೆಂಡತಿ ಮತ್ತು ವಯಸ್ಸಾದ ಅತ್ತೆ. ಮೈಲುತುತ್ತ ಕರಗಿಸುವವರು ಯಾರು, ಕೋಣೆ ಗುಡಿಸುವವರು ಯಾರು? ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪ ಸೀಮೆಗಳಲ್ಲಿ ಹೋಂಸ್ಟೇ ನಡೆಸುವ ಸಣ್ಣ ಹಿಡುವಳಿಯ ಮನೆಗಳು ಮಳೆಗಾಲದಲ್ಲಿ ಎದುರಿಸಬೇಕಾಗುವ ಪ್ರಶ್ನೆಯಿದು.

ಮಲೆನಾಡಿಗೆ ಅತಿಥಿ ಹೊಸಬನಲ್ಲ. ಅತಿಥಿಯಿಂದ ಹಣ ಪಡೆಯುವುದು ಹೊಸದು. 2000ದ ಆಸುಪಾಸಿನಲ್ಲಿ ಕಾಫಿಯ ಬೆಲೆ ಪಾತಾಳಕ್ಕಿಳಿದಾಗ ಕೊಡಗು, ಚಿಕ್ಕಮಗಳೂರುಗಳ ಹಲವು ಬೆಳೆಗಾರರು ಮನೆಯ ಖಾಲಿ ಕೋಣೆಗಳನ್ನು ಪ್ರವಾಸಿಗರಿಗೆ ತೆರೆದರು. ಆ ದಾರಿ ಕ್ರಮೇಣ ಅಡಿಕೆ ಸೀಮೆಗೂ ಬಂತು. ಎಲೆಚುಕ್ಕಿ ಮತ್ತು ಹಳದಿ ಎಲೆ ರೋಗಗಳಿಂದ ಇಳುವರಿ ಕುಸಿದ ತೋಟಗಳ ಒಡೆಯರಿಗೆ ಇಂದು ಇದೊಂದು ಆಸರೆ. ಮಕ್ಕಳೆಲ್ಲ ನಗರ ಸೇರಿದ ದೊಡ್ಡ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ದೀಪ ಬೆಳಗಲು ಇದು ನೆಪವೂ ಹೌದು. 2025ರ ಫೆಬ್ರವರಿಯ ಕೇಂದ್ರ ಮುಂಗಡಪತ್ರವು ಹೋಂಸ್ಟೇಗಳಿಗೆ ಮುದ್ರಾ ಸಾಲ ಘೋಷಿಸಿದ ಮೇಲೆ ಕೋಣೆ ಕಟ್ಟಿಸುವ ಉತ್ಸಾಹ ಇನ್ನಷ್ಟು ಹೆಚ್ಚುವುದು ಸಹಜ. ಆದರೆ ಕಟ್ಟಿದ ಕೋಣೆಯಲ್ಲಿ ದುಡಿಯುವವರು ಯಾರೆಂಬ ವಿಚಾರ ಸಾಲದ ಅರ್ಜಿ ತುಂಬುವಾಗ ಬರುವುದಿಲ್ಲ.

ಆಳಿಲ್ಲದೆ ನಡೆಸುವ ಹೋಂಸ್ಟೇಯ ಗುಣಗಳು ಎದ್ದು ಕಾಣುವಂಥವು. ತಿಂಗಳ ಸಂಬಳದ ಹೊರೆಯಿಲ್ಲ. ಅತಿಥಿ ಬಾರದ ದಿನ ನಷ್ಟವಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿದಾಗ, ಹೊಸ ಕೋಣೆ ಕಟ್ಟದ, ಸಂಬಳದ ಆಳಿಲ್ಲದ ಮನೆಗಳು ತಮ್ಮ ತೋಟಕ್ಕೆ ಮರಳಲು ಸಾಧ್ಯವಿತ್ತು. ಸಾಲ ಮಾಡಿ ಕಟ್ಟಿದವರಿಗೆ ಬಡ್ಡಿ ನಿಲ್ಲಲಿಲ್ಲ. ಅತಿಥಿಗೂ ಮನೆಯವರೇ ಬಡಿಸಿದ ತಂಬುಳಿ, ಮನೆಯವರೇ ತೋರಿಸಿದ ತೋಟ ಸಿಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯ ಕಲ್ಪನೆಯೂ ಇದೇ: ಮಾಲೀಕರ ಕುಟುಂಬ ಅಲ್ಲಿಯೇ ವಾಸಿಸಬೇಕು, ಬಾಡಿಗೆಯ ಕೋಣೆಗಳು ಆರನ್ನು ಮೀರಬಾರದು.

ಆದರೆ ‘ಆಳಿಲ್ಲದೆ’ ಎಂಬ ಮಾತಿನ ಅರ್ಥ ಹಲವು ಮನೆಗಳಲ್ಲಿ ‘ಹೆಂಗಸರ ದುಡಿಮೆಯಿಂದ’ ಎಂದೇ ಆಗಿದೆ. ಜಗಲಿಯಲ್ಲಿ ಕುಳಿತು ಅತಿಥಿಗಳೊಡನೆ ಮಾತನಾಡುವುದು ಯಜಮಾನರ ಪಾಲು. ಒಳಗಿನ ಲೆಕ್ಕ ಬೇರೆ. ಎರಡು ಕೋಣೆ, ನಾಲ್ವರು ಅತಿಥಿಗಳು, ಒಂದು ರಾತ್ರಿಯ ವಾಸ ಎಂದರೆ ರಾತ್ರಿಯೂಟ, ಬೆಳಗಿನ ದೋಸೆ, ಮಧ್ಯಾಹ್ನದೂಟ ಸೇರಿ 12 ಎಲೆಗಳು. ನಡುವೆ ಕಾಫಿ, ಕಷಾಯ. ಹಾಸು, ಹೊದಿಕೆ, ದಿಂಬಿನ ಚೀಲ, ಟವೆಲು ಸೇರಿದರೆ ಹನ್ನೆರಡು ಬಟ್ಟೆ ತೊಳೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಅವು ವಾರವಾದರೂ ಒಣಗವು. ಬಚ್ಚಲ ಒಲೆಯ ಮೇಲೆ ಹರವಿ ಕಾಯಿಸಬೇಕು. ಅದಕ್ಕೆ ಬೇಕಾದ ಸೌದೆ ಬೆಟ್ಟದಿಂದಲೇ ಬರಬೇಕು. ಇಷ್ಟೆಲ್ಲ ದುಡಿದವರ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿಲ್ಲದಿದ್ದರೆ ಆ ಮನೆಯಲ್ಲಿ ಆಳು ಇಲ್ಲವೆನ್ನುವುದು ಹೇಗೆ? ಅಲ್ಲಿರುವುದು ಕೂಲಿ ಕೊಡದ ಆಳು.

ಇದನ್ನು ಅರಿಯಲು ದೊಡ್ಡ ಅಧ್ಯಯನ ಬೇಕಿಲ್ಲ. ಒಂದು ನೋಟ್‌ಪುಸ್ತಕ ಸಾಕು. ಒಂದು ತಿಂಗಳು, ಯಾರು ಎಷ್ಟು ಗಂಟೆ ದುಡಿದರೆಂಬುದನ್ನು ಅದರಲ್ಲಿ ಬರೆದಿಡಬೇಕು. ಒಂದು ವಾರಾಂತ್ಯದಲ್ಲಿ 6,000 ರೂಪಾಯಿ ಬಂದು, ದಿನಸಿ, ಅನಿಲ, ವಿದ್ಯುತ್ತು ಇತ್ಯಾದಿಗೆ 2,400 ಖರ್ಚಾಯಿತೆಂದು ಇಟ್ಟುಕೊಳ್ಳಿ. ಉಳಿದದ್ದು 3,600. ತಯಾರಿಯಿಂದ ಬಟ್ಟೆ ಮಡಚುವವರೆಗೆ ಮನೆಯವರೆಲ್ಲ ಸೇರಿ 48 ಗಂಟೆ ದುಡಿದಿದ್ದರೆ ಗಂಟೆಗೆ 75 ರೂಪಾಯಿ, ಎಂಟು ಗಂಟೆಯ ದಿನಕ್ಕೆ 600 ರೂಪಾಯಿ ಬಿದ್ದಂತಾಯಿತು. ಇದು ಊರಿನ ಕೂಲಿಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಪ್ರತಿ ಮನೆಯೂ ತಾನೇ ನೋಡಿಕೊಳ್ಳಬೇಕು. ಕಾಲೇಜಿಗೆ ಹೋಗುವ ಮಕ್ಕಳು ತಮ್ಮ ಮನೆಯಲ್ಲಿ ಈ ಲೆಕ್ಕ ಬರೆದರೆ ಅರ್ಥಶಾಸ್ತ್ರದ ಒಂದು ಪಾಠವೇ ಆದೀತು. ಹೊಳವಾದ ದಿನ ಸಿಂಪಡಣೆ ತಪ್ಪಿ ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನೂ ಖರ್ಚಿನ ಸಾಲಿನಲ್ಲಿ ಬರೆಯುವುದನ್ನು ಮರೆಯಬಾರದು.

ಹಾಗಾದರೆ ಆಳನ್ನಿಟ್ಟುಕೊಳ್ಳುವುದೇ ಪರಿಹಾರವೇ? ವೃದ್ಧ ದಂಪತಿಗಳಿರುವ ಮನೆಗೆ, ರೋಗಿಯನ್ನು ನೋಡಿಕೊಳ್ಳಬೇಕಾದ ಮನೆಗೆ ಬೇರೆ ದಾರಿಯಿಲ್ಲ. ಊರಿನ ಒಂದಿಬ್ಬರಿಗೆ ನೆರಳಿನಲ್ಲಿ ಕೆಲಸ ಸಿಕ್ಕರೆ ಅದು ಸಣ್ಣ ಸಂಗತಿಯೂ ಅಲ್ಲ. ಆದರೆ ಕಾಯಂ ಆಳು ಬಂದೊಡನೆ ಲೆಕ್ಕದ ಸ್ವರೂಪ ಬದಲಾಗುತ್ತದೆ. ಅತಿಥಿ ಬರಲಿ ಬಿಡಲಿ ಸಂಬಳ ಕೊಡಬೇಕು. ಸಂಬಳ ಹುಟ್ಟಬೇಕಾದರೆ ಕೋಣೆಗಳು ತುಂಬಬೇಕು. ಎರಡು ಕೋಣೆ ಸಾಲದೆಂದು ನಾಲ್ಕಾಗುತ್ತವೆ, ನಾಲ್ಕು ಆರಾಗುತ್ತವೆ. ಮನೆಯ ಹಿಂದಿನ ಧರೆಯನ್ನು ಜೆಸಿಬಿ ಕಡಿಯುತ್ತದೆ. 2018ರ ಕೊಡಗಿನ ಕುಸಿತಗಳಿಗೆ ಅತಿಮಳೆಯ ಜೊತೆಗೆ ಇಳಿಜಾರುಗಳನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿತ್ತು. ಹೀಗೆ ಮೆಲ್ಲಮೆಲ್ಲನೆ ಮನೆ ಲಾಡ್ಜ್ ಆಗುತ್ತದೆ, ಯಜಮಾನ ಮ್ಯಾನೇಜರ್ ಆಗುತ್ತಾನೆ, ತೋಟ ಹಿನ್ನೆಲೆಯ ಚಿತ್ರವಾಗುತ್ತದೆ.

ಆಳನ್ನಿಟ್ಟವರ ಮೇಲೆ ಕಾನೂನಿನ ಹೊಣೆಯೂ ಇದೆ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲು, ಢಾಬಾಗಳ ಕೆಲಸಕ್ಕೂ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಿಗೂ ಆ ನಿಷೇಧವನ್ನು ವಿಸ್ತರಿಸಿತು. ‘ಓದಿಸುತ್ತೇವೆ, ಮನೆಮಗಳಂತೆ ನೋಡಿಕೊಳ್ಳುತ್ತೇವೆ’ ಎಂಬ ಮಾತು ಇದಕ್ಕೆ ವಿನಾಯಿತಿಯಲ್ಲ. ಅಪರಿಚಿತರು ತಂಗುವ ಮನೆಯಲ್ಲಿ ದುಡಿಯುವ ಹೆಂಗಸಿನ ಸುರಕ್ಷತೆಯೂ ಮಾಲೀಕರದೇ ಜವಾಬ್ದಾರಿ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯಿದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದನ್ನು ಆಕೆಗೆ ಮೊದಲ ದಿನವೇ ತಿಳಿಸಬೇಕು. ಊಟ ಮತ್ತು ಹಳೆಯ ಸೀರೆ ಕೂಲಿಗೆ ಬದಲಿಯಲ್ಲ. ದಿನದ ಕೂಲಿ, ದುಡಿಮೆಯ ಗಂಟೆ, ವಾರದ ರಜೆ ಇವು ಕಾಗದದ ಮೇಲಿರಬೇಕು. ಅತಿಥಿಗಳು ರಾತ್ರಿ ಹನ್ನೊಂದಕ್ಕೆ ಉಣ್ಣಲು ಕುಳಿತರೆ ಪಾತ್ರೆ ತೊಳೆಯುವವಳು ಕತ್ತಲಲ್ಲಿ ಸಂಕ ದಾಟಿ ತನ್ನ ಮನೆ ಸೇರುವುದು ಹೇಗೆಂಬುದನ್ನೂ ಯೋಚಿಸಬೇಕು. ಊಟದ ಸಮಯವನ್ನು ಎಂಟು ಗಂಟೆಗೆ ನಿಗದಿ ಮಾಡಿದರೆ ಅತಿಥಿಯೇನೂ ಬಡವಾಗುವುದಿಲ್ಲ.

ಇನ್ನೊಂದು ತೊಡಕು ನೀರಿನದು. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಕಾಫಿ ಇರುವಲ್ಲಿ ಅದರ ಕೊಯ್ಲೂ ಸೇರುತ್ತದೆ. ದಸರೆಯ ರಜೆ, ಡಿಸೆಂಬರಿನ ಕೊನೆಯ ವಾರ ಈ ಸುಗ್ಗಿಯ ಮೇಲೆಯೇ ಬಂದು ಬೀಳುತ್ತವೆ. ಕೈ ಸ್ವಲ್ಪ ಬಿಡುವಾಗುವುದು ಮೆಣಸಿನ ಕೊಯ್ಲೂ ಮುಗಿದ ಏಪ್ರಿಲ್, ಮೇ ತಿಂಗಳುಗಳಲ್ಲಿ. ಶಾಲೆಗಳಿಗೆ ರಜೆಯಿರುವುದರಿಂದ ಅತಿಥಿಗಳೂ ಸಿಗುತ್ತಾರೆ. ಆದರೆ ಆಗಲೇ ಅಬ್ಬಿಯ ಧಾರೆ ಸಣ್ಣದಾಗಿರುತ್ತದೆ, ಬಾವಿಯ ತಳ ಕಾಣುತ್ತಿರುತ್ತದೆ. ನೀರಿದ್ದಾಗ ಕೈ ಬಿಡುವಿಲ್ಲ, ಕೈ ಬಿಡುವಿದ್ದಾಗ ನೀರಿಲ್ಲ. ಮೇಲಿನ ಮನೆಯ ಷವರಿಗೆ ಹರಿದ ಅಬ್ಬಿ ನೀರು ಕೆಳಗಿನ ಮನೆಯ ಕೊಡಕ್ಕೆ ಬರಬೇಕಾದ ನೀರೇ ಆಗಿರಬಹುದು. ಅತಿಥಿಗೆ ಬಕೆಟ್ಟಿನ ಸ್ನಾನ ಒಗ್ಗದೆಂಬ ಅಳುಕು ಬೇಡ. ಹಂಡೆಯ ಬಿಸಿನೀರಿನ ಸುಖವನ್ನು ಅವರಿಗೆ ಪರಿಚಯಿಸಿದರೆ ಸಾಕು. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರಾದರೂ ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿರಬೇಕು.

ಆದ್ದರಿಂದ ಆಳು ಬೇಕೋ ಬೇಡವೋ ಎಂಬ ಪ್ರಶ್ನೆಗಿಂತ ಮೊದಲು ಎಷ್ಟು ಕೋಣೆ, ಯಾವ ತಿಂಗಳು ಎಂಬುದನ್ನು ತೀರ್ಮಾನಿಸಬೇಕಾಗಿದೆ. ಇಬ್ಬರು ದುಡಿಯುವ ಮನೆಗೆ, ಇರುವ ಮನೆಯೊಳಗಿನ ಎರಡು ಕೋಣೆಗಳೇ ಮಿತಿಯಾಗಲಿ. ಸಿಂಪಡಣೆಯ ವಾರಗಳಲ್ಲಿ ಮತ್ತು ಕೊಯ್ಲಿನ ಬಿರುಸಿನ ದಿನಗಳಲ್ಲಿ ‘ಅತಿಥಿಗಳಿಗೆ ಅವಕಾಶವಿಲ್ಲ’ ಎಂದು ಹೇಳುವ ಧೈರ್ಯ ಬರಲಿ. ತೋಟ ಉಳಿದರೆ ತಾನೇ ಅತಿಥಿ ಬರುವುದು?

ಕೈ ಸಾಲದಾದಾಗ ಮಲೆನಾಡು ಹಿಂದೆ ಏನು ಮಾಡುತ್ತಿತ್ತೆಂಬುದನ್ನೂ ನೆನೆಯಬೇಕು. ನಾಟಿಗೆ, ಕೊಯ್ಲಿಗೆ, ಮನೆಯ ಹೊದಿಕೆಗೆ ಮುಯ್ಯಾಳಿನ ಪದ್ಧತಿಯಿತ್ತು; ಇಂದು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು. ಒಂದು ಕೇರಿಯ ನಾಲ್ಕೈದು ಹೋಂಸ್ಟೇಗಳು ಅತಿಥಿಗಳನ್ನು ಸರದಿಯಲ್ಲಿ ಹಂಚಿಕೊಂಡರೆ ಪ್ರತಿ ಮನೆಗೂ ತಿಂಗಳಲ್ಲಿ ಎರಡು ಮೂರು ವಾರಾಂತ್ಯವಾದರೂ ಬಿಡುವು ಸಿಗುತ್ತದೆ. ಎಲ್ಲ ಮನೆಗಳ ಹಾಸು ಹೊದಿಕೆ ತೊಳೆದು ಒಣಗಿಸುವ ಕೆಲಸವನ್ನು ಊರಿನ ಸ್ವಸಹಾಯ ಸಂಘಕ್ಕೆ ಕೂಲಿ ಕೊಟ್ಟು ಒಪ್ಪಿಸಬಹುದು. ಒಬ್ಬ ಕೆಲಸಗಾರ್ತಿಗೆ ಒಂದೇ ಮನೆ ಕೊಡಲಾಗದ ತಿಂಗಳಿಡೀ ಸಂಬಳವನ್ನು ಐದು ಮನೆಗಳು ಸೇರಿ ಕೊಡಬಹುದು. ಆಗ ಆಳು ಒಂದು ಮನೆಯ ಮರ್ಜಿಗೆ ಬಿದ್ದವಳಾಗುವುದಿಲ್ಲ, ಮನೆಯೂ ಸಂಬಳಕ್ಕಾಗಿ ಕೋಣೆ ಹೆಚ್ಚಿಸುವ ಒತ್ತಡಕ್ಕೆ ಸಿಲುಕುವುದಿಲ್ಲ. ಮನೆಯೊಡತಿಯ ಪಾಲು ಅವಳದೇ ಖಾತೆಗೆ ಸಂದಾಯವಾಗಲಿ.

ಗಿರಾಕಿಯನ್ನು ಪಕ್ಕದ ಮನೆಗೆ ಬಿಟ್ಟುಕೊಡುವುದು ಸುಲಭವಲ್ಲ. ಬೇಲಿಯ ಜಗಳ, ನೀರಿನ ಜಗಳ ಇರುವ ಕೇರಿಗಳಲ್ಲಿ ಇನ್ನೂ ಕಷ್ಟ. ಆದರೂ ಅಬ್ಬಿಯ ನೀರನ್ನು ದಬ್ಬೆಯಲ್ಲಿ ಹರಿಸಿ ಮನೆಮನೆಗೆ ಪಾಲು ಮಾಡಿಕೊಂಡು ಬದುಕಿದ ಊರುಗಳಿವು. ಮುಂದಿನ ಮಳೆಗಾಲದ ಹೊಳವು ಬರುವ ಮೊದಲೇ ಒಂದು ಸಂಜೆ ಕೇರಿಯ ಹೆಂಗಸರು, ಗಂಡಸರು, ಕೆಲಸಕ್ಕೆ ಬರುವವರು ಒಂದೇ ಜಗಲಿಯಲ್ಲಿ ಕುಳಿತು ನೋಟ್‌ಪುಸ್ತಕ ಬಿಡಿಸಲಿ.