ಕಬ್ಬಿನ ಹಿಂದೆ ಕಾಣದ ದೀಪ

ಕಬ್ಬು ನುರಿಸೋ ಹಂಗಾಮು ಶುರುವಾದ್ರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ರಾತ್ರಿ ಬೈಕ್ ಓಡಿಸೋಕೆ ನಮಗೆ ಭಯ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಎಷ್ಟೋ ಟ್ರೇಲರ್‌ಗೆ ದೀಪವೇ ಇರಲ್ಲ. ಇದ್ದರೂ ಜೋತುಬಿದ್ದ ಕಬ್ಬು ಮುಚ್ಚಿರುತ್ತೆ.

ಲೆಕ್ಕ ಹಾಕೋಣ, ಇಂಜಿನಿಯರಿಂಗ್‌ನವರಲ್ವಾ! ಬೈಕ್ ಗಂಟೆಗೆ 60 ಕಿ.ಮೀ., ಟ್ರ್ಯಾಕ್ಟರ್ 20. ಅಂತರ ಕರಗೋದು ಸೆಕೆಂಡಿಗೆ ಸುಮಾರು 11 ಮೀಟರ್. ಮೂವತ್ತು ಮೀಟರ್ ದೂರದಲ್ಲಿ ಕಂಡರೆ ನಮಗೆ ಸಿಗೋದು ಮೂರು ಸೆಕೆಂಡಿಗೂ ಕಡಿಮೆ. ಅದೇನು ಅಂತ ಗೊತ್ತಾಗಿ ಬ್ರೇಕ್ ಹಿಡಿಯೋಕೇ ಅದರಲ್ಲಿ ಅರ್ಧ ಹೋಗುತ್ತೆ.

ಕಾನೂನು ಇಲ್ಲ ಅಂತಲ್ಲ. ಟ್ರೇಲರ್‌ಗೂ ನೋಂದಣಿ ಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಸರಕು ಮಿತಿ ಮೀರಿ ಹೊರಚಾಚಿದರೆ 20,000 ರೂಪಾಯಿ ದಂಡ. ಆದರೆ ರೈತನನ್ನು ರಸ್ತೆಯಲ್ಲಿ ನಿಲ್ಲಿಸಿ ದಂಡ ಹಾಕೋದಷ್ಟೇ ಪರಿಹಾರ ಅಂತ ನಾವು ಒಪ್ಪಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತೆ, ಅವನಿಗೆ ಆತುರ ಇದ್ದೇ ಇರುತ್ತೆ.

ಎಲ್ಲ ಟ್ರೇಲರ್‌ಗಳೂ ಬರಲೇಬೇಕಾದ ಜಾಗ ಕಾರ್ಖಾನೆಯ ವೇಬ್ರಿಡ್ಜ್. ಖಾಲಿ ಮಾಡಿ ಹೊರಡುವಾಗ ಅಲ್ಲೇ ದೀಪದ ವೈರ್ ನೋಡಲಿ, ರಿಫ್ಲೆಕ್ಟರ್ ಪಟ್ಟಿ ಅಂಟಿಸಲಿ. ಜೊತೆಗೆ ಒಂದು ರಿಫ್ಲೆಕ್ಟರ್ ಹಲಗೆ ಕೊಡಲಿ: ಲೋಡ್ ಆದ ಮೇಲೆ ಕಬ್ಬಿನ ತುದಿಗೇ ಹಗ್ಗದಲ್ಲಿ ಕಟ್ಟೋಕೆ. ಹಲಗೆ ಇಲ್ಲದೆ ಬಂದ ಲೋಡ್‌ನ ಮುಂದಿನ ಸರದಿ ಒಂದು ಗಂಟೆ ತಡವಾಗಲಿ, ಸಾಕು.