ವೇಷ ಮರೆಸಿದ ಶಿಫಾರಸು

2010ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಖರೀದಿಯ ಭರಾಟೆಯಲ್ಲಿದ್ದ ಅಮೆರಿಕದವರು ಗೂಗಲ್‌ನಲ್ಲಿ ಉಡುಪು, ಹಾಸಿಗೆ ಹೊದಿಕೆ, ನೆಲಹಾಸು ಎಂದು ಏನು ಹುಡುಕಿದರೂ ಮೇಲೆ ಕಾಣುತ್ತಿದ್ದದ್ದು ಜೆ.ಸಿ. ಪೆನ್ನಿ ಎಂಬ ಮಳಿಗೆಯ ಹೆಸರು. ಸ್ಯಾಮ್ಸೊನೈಟ್ ಸೂಟ್‌ಕೇಸ್ ಎಂದು ಹುಡುಕಿದರೂ ಅದನ್ನು ತಯಾರಿಸುವ ಕಂಪನಿಗಿಂತ ಮೊದಲು ಪೆನ್ನಿ. ಮರುವರ್ಷ ಫೆಬ್ರುವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಇದರ ಗುಟ್ಟನ್ನು ಬಯಲು ಮಾಡಿತು. ಪೆನ್ನಿಯ ವ್ಯಾಪಾರಕ್ಕೆ ಎಳ್ಳಷ್ಟೂ ಸಂಬಂಧವಿಲ್ಲದ ವೆಬ್‌ಸೈಟ್‌ಗಳ ಎರಡು ಸಾವಿರಕ್ಕೂ ಹೆಚ್ಚು ಪುಟಗಳು ಅದಕ್ಕೆ ಲಿಂಕ್ ಕೊಟ್ಟಿದ್ದವು. ಜೂಜಿನ ತಾಣ, ಬಲ್ಗೇರಿಯದಲ್ಲಿ ಮನೆ-ನಿವೇಶನ ತೋರಿಸುವ ತಾಣ, ಪರಮಾಣು ಎಂಜಿನಿಯರಿಂಗ್ ತಾಣಗಳಿಗೆಲ್ಲ ಹೆಂಗಸರ ಉಡುಪಿನ ಮೇಲೆ ಏಕಾಏಕಿ ಒಲವು ಹುಟ್ಟಿತ್ತು! ಗೂಗಲ್ ಕ್ರಮ ಕೈಗೊಂಡ ಮೇಲೆ ಸೂಟ್‌ಕೇಸ್ ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಪೆನ್ನಿ 71ನೇ ಸ್ಥಾನಕ್ಕೆ ಕುಸಿಯಿತು. ಇದೆಲ್ಲ ತನಗೆ ತಿಳಿಯದೆ ನಡೆದದ್ದು ಎಂದ ಕಂಪನಿ, ಹುಡುಕಾಟದಲ್ಲಿ ಸ್ಥಾನ ಮೇಲೇರಿಸುವ ಕೆಲಸ (ಎಸ್‌ಇಒ) ವಹಿಸಿದ್ದ ಏಜೆನ್ಸಿಯನ್ನು ಕೈಬಿಟ್ಟಿತು.

ಆ ವರದಿಯಲ್ಲಿದ್ದ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಲಿಲ್ಲ. ಪೆನ್ನಿ ಆಗ ಗೂಗಲ್‌ನ ದೊಡ್ಡ ಜಾಹೀರಾತುದಾರರಲ್ಲೂ ಒಂದಾಗಿತ್ತು. ಅಂದರೆ, ಒಂದೇ ಕಂಪನಿಯ ದುಡ್ಡು ಒಂದೇ ಪುಟಕ್ಕೆ ಎರಡು ದಾರಿಯಲ್ಲಿ ಬರುತ್ತಿತ್ತು. ಒಂದರ ನೆತ್ತಿಯ ಮೇಲೆ ‘ಇದು ಜಾಹೀರಾತು’ ಎಂಬ ಪಟ್ಟಿ ಇತ್ತು, ಇನ್ನೊಂದರ ಮೇಲೆ ಏನೂ ಇರಲಿಲ್ಲ. ವೆಬ್‌ಸೈಟಿಗೆ ಜನರನ್ನು ಸೆಳೆಯುವ ನೀತಿ-ಅನೀತಿಯ ಚರ್ಚೆಯೆಲ್ಲ ಈ ಪಟ್ಟಿಯ ಸುತ್ತಲೇ ನಡೆಯಬೇಕು ಎಂಬುದು ನನ್ನ ವಾದ. ದುಡ್ಡು ಕೊಟ್ಟು ಪಡೆದದ್ದು ಕೆಟ್ಟದ್ದು, ಪುಕ್ಕಟೆ ಸಿಕ್ಕಿದ್ದು ಪವಿತ್ರ ಎಂಬ ವಿಂಗಡಣೆಯನ್ನು ಎಸ್‌ಇಒ ಜಗತ್ತು ಬಹಳ ಕಾಲ ಜಪಿಸಿದೆ. ಓದುಗನಿಗೆ ಅದರಿಂದ ಪ್ರಯೋಜನವಿಲ್ಲ. ಮಾತಿನ ಹಿಂದೆ ದುಡ್ಡಿದೆಯೋ ಇಲ್ಲವೋ ಎಂಬುದಷ್ಟೇ ಅವನಿಗೆ ಗೊತ್ತಾಗಬೇಕು.

ಲಿಂಕಿಗೆ ಇಷ್ಟು ಬೆಲೆ ಬಂದದ್ದು 1998ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ತಮ್ಮ ಪ್ರಬಂಧದಲ್ಲಿ ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರವನ್ನು ಮುಂದಿಟ್ಟರು. ಒಂದು ಪುಟ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ ಎಂಬುದಕ್ಕಿಂತ ಬೇರೆ ಪುಟಗಳು ಅದರತ್ತ ಎಷ್ಟು ಬೊಟ್ಟು ಮಾಡುತ್ತವೆ, ಹಾಗೆ ಬೊಟ್ಟು ಮಾಡುವವರ ಯೋಗ್ಯತೆ ಎಂಥದ್ದು ಎಂಬುದೇ ಅಲ್ಲಿ ಮುಖ್ಯ. ನಮ್ಮಲ್ಲಿ ಹೆಣ್ಣು ಕೊಡುವ ಮುನ್ನ ಗಂಡಿನ ಊರಿಗೆ ಹೋಗಿ ನೆರೆಹೊರೆಯವರನ್ನು, ಕೂಡಿ ಓದಿದವರನ್ನು ವಿಚಾರಿಸುವುದೂ ಇದೇ ಲೆಕ್ಕದ ಮೇಲೆ. ಗಂಡಿನ ಕಡೆಯವರು ಮೊದಲೇ ಹೋಗಿ ಆ ನೆರೆಯವರ ಕೈಗೆ ನೋಟು ತುರುಕಿದ್ದರೆ ಆಗುವುದೇ ಕೊಂಡ ಲಿಂಕಿನಿಂದಲೂ ಆಗುತ್ತದೆ. ವಿಚಾರಣೆಗೆ ಬಂದವನು ಮೋಸ ಹೋಗುತ್ತಾನೆ, ಮೋಸ ಹೋದದ್ದು ಅವನಿಗೆ ತಿಳಿಯುವುದೂ ಇಲ್ಲ.

ಬಹಿರಂಗ ಹರಾಜಿನ ಕಥೆ ಬೇರೆ. ಅದೇ 1998ರಲ್ಲಿ ಬಿಲ್ ಗ್ರಾಸ್ ಎಂಬ ಉದ್ಯಮಿ ‘ಗೋಟು’ ಎಂಬ ಹುಡುಕುತಾಣ ತೆರೆದು, ಯಾವ ಪದಕ್ಕೆ ಯಾರು ಹೆಚ್ಚು ಬೆಲೆ ಕೂಗುತ್ತಾರೋ ಅವರಿಗೇ ಮೇಲಿನ ಸ್ಥಾನ ಕೊಟ್ಟ. ಆಗ ಹಲವರು ಮೂಗು ಮುರಿದರು. ಆದರೆ ಯಾರು ಎಷ್ಟು ಕೊಡುತ್ತಿದ್ದಾರೆ ಎಂಬುದನ್ನು ಅವನ ಪುಟವೇ ತೋರಿಸುತ್ತಿತ್ತು. 2000ದ ಅಕ್ಟೋಬರ್‌ನಲ್ಲಿ ಗೂಗಲ್ ಆ್ಯಡ್‌ವರ್ಡ್ಸ್ ಎಂಬ ತನ್ನ ಜಾಹೀರಾತು ಸೇವೆ ಆರಂಭಿಸಿತು. ಮುಂದೆ ಅದೂ ಕ್ಲಿಕ್ಕಿಗೆ ಇಷ್ಟು ಎಂಬ ಹರಾಜಿಗೇ ಬಂತು. ಸ್ಥಾನ ನಿರ್ಧಾರಕ್ಕೆ ಕೂಗಿದ ಬೆಲೆಯ ಜತೆ ಜಾಹೀರಾತಿನ ಗುಣಮಟ್ಟವನ್ನೂ ಪರಿಗಣಿಸುವ ಪದ್ಧತಿ ಬಂತು. ವ್ಯವಹಾರ ನೇರವಾಗಿತ್ತು: ದುಡ್ಡು ಕೊಡು, ಪಟ್ಟಿ ಅಂಟಿಸಿಕೋ, ಗಿರಾಕಿ ಬಂದರೆ ನಿನ್ನ ಅದೃಷ್ಟ.

ಲಿಂಕಿನ ಕಳ್ಳಪೇಟೆಯಲ್ಲಿ ಈ ನೇರತನವಿಲ್ಲ. ನಾಲ್ಕು ಜನ ಓದುವ ಬ್ಲಾಗ್ ಇಟ್ಟುಕೊಂಡವರ ಮೇಲ್‌ಗೂ ‘ಗೆಸ್ಟ್ ಪೋಸ್ಟ್’ ಬರೆದುಕೊಡುತ್ತೇವೆ ಎಂಬ ಪತ್ರಗಳು ಬರುತ್ತವೆ. ಲೇಖನ ಪುಕ್ಕಟೆ, ಅದರೊಳಗೆ ಒಂದು ಲಿಂಕ್ ಇರುತ್ತದೆ, ಅಷ್ಟೆ. ಏಜೆನ್ಸಿಗಳ ಕೈಯಲ್ಲಿ ಎಕ್ಸೆಲ್ ಶೀಟ್‌ಗಳಿರುತ್ತವೆ. ತಾಣದ ಹೆಸರು, ಅದರ ‘ಡಿಎ’ (ಡೊಮೈನ್ ಅಥಾರಿಟಿ) ಅಂಕ, ಒಂದು ಲಿಂಕಿಗೆ ಎಷ್ಟು ಎಂಬ ದರ. ಈ ಡಿಎ ಗೂಗಲ್‌ನ ಲೆಕ್ಕವಲ್ಲ, ಮೊಜ್ ಎಂಬ ಖಾಸಗಿ ಕಂಪನಿ ತಾನೇ ಕಟ್ಟಿಕೊಂಡ ಅಂದಾಜು. ಅದನ್ನೇ ಬಂಗಾರದ ಹಾಲ್‌ಮಾರ್ಕ್ ಎಂಬಂತೆ ತೋರಿಸಿ ವ್ಯಾಪಾರ ಕುದುರಿಸುತ್ತಾರೆ. ನವೀಕರಿಸದೆ ಬಿಟ್ಟ ಹಳೆಯ ಡೊಮೈನ್‌ಗಳನ್ನು ಕೊಂಡು, ಮೊದಲಿನವರು ಗಳಿಸಿದ್ದ ಹೆಸರಿನಲ್ಲೇ ಲಿಂಕ್ ಮಾರುವುದುಂಟು. ಇದಕ್ಕಿಂತ ಕೆಳಗೆ ನೇರ ಕಳ್ಳತನವಿದೆ. ಭಾರತದ ಸರ್ಕಾರಿ ತಾಣಗಳೊಳಗೂ ಜೂಜಿನ ಲಿಂಕ್‌ಗಳು ನುಸುಳಿದ ವರದಿ 2024ರಲ್ಲಿ ಬಂತು. ಸರ್ಕಾರದ ವಿಳಾಸಕ್ಕೆ ಇರುವ ನಂಬಿಕೆಯನ್ನು ಬೀಗ ಮುರಿದು ಕದ್ದಂತಾಯಿತು.

ಇದನ್ನು ತಡೆಯಲು ಗೂಗಲ್ ಸುಮ್ಮನೆ ಕೂತಿಲ್ಲ. 2005ರಲ್ಲಿ ಯಾಹೂ, ಮೈಕ್ರೊಸಾಫ್ಟ್ ಜತೆ ಸೇರಿ ‘ನೋಫಾಲೊ’ ಎಂಬ ಗುರುತನ್ನು ತಂದಿತು. ಆ ಗುರುತು ಇರುವ ಲಿಂಕ್ ಓದುಗನಿಗೆ ದಾರಿ ತೋರಿಸುತ್ತದೆ, ಲೆಕ್ಕಾಚಾರದಲ್ಲಿ ಸಾಮಾನ್ಯವಾಗಿ ಶಿಫಾರಸು ಎನಿಸುವುದಿಲ್ಲ. 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಲೆಕ್ಕಾಚಾರದ ಬದಲಾವಣೆ ಲಿಂಕ್ ಕೊಂಡವರ ಮೇಲೆ ಬಿತ್ತು. 2019ರಲ್ಲಿ ‘ಸ್ಪಾನ್ಸರ್ಡ್’ ಎಂಬ ಪ್ರತ್ಯೇಕ ಗುರುತೇ ಬಂತು. ಹಾಗಾಗಿ ದುಡ್ಡು ಕೊಟ್ಟು ಲಿಂಕ್ ಪಡೆಯುವುದು ಇವತ್ತಿಗೂ ತಪ್ಪಲ್ಲ. ಪಡೆದದ್ದನ್ನು ಗುರುತು ಹಾಕದೆ ಮುಚ್ಚಿಡುವುದು ತಪ್ಪು. ನಮ್ಮ ಎಷ್ಟೋ ಏಜೆನ್ಸಿಗಳು ಈ ಅರ್ಧವನ್ನು ಗಿರಾಕಿಗಳಿಗೆ ಹೇಳುವುದೇ ಇಲ್ಲ. ಗುರುತು ಹಾಕಿದ ಲಿಂಕನ್ನು ಯಾರು ಆ ದರಕ್ಕೆ ಕೊಳ್ಳುತ್ತಾರೆ?

ಆದರೆ ಈ ಪೊಲೀಸನೂ ಅಂಗಡಿ ಇಟ್ಟವನೇ. 2009ರಲ್ಲಿ ಗೂಗಲ್‌ನ ಜಪಾನ್ ಶಾಖೆಯೇ ದುಡ್ಡು ಕೊಟ್ಟು ಬ್ಲಾಗ್ ಬರೆಸಿ ಸಿಕ್ಕಿಬಿತ್ತು. 2012ರ ಜನವರಿಯಲ್ಲಿ ಕ್ರೋಮ್ ಬ್ರೌಸರ್‌ನ ಪ್ರಚಾರದಲ್ಲೂ ಅದೇ ಆಯಿತು. ಎರಡು ಸಲವೂ ಗೂಗಲ್ ತನ್ನನ್ನು ತಾನೇ ಶಿಕ್ಷಿಸಿಕೊಂಡಿತು, ಅದನ್ನು ಮೆಚ್ಚಬೇಕು. 2013ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹೂವಿನ ಕಂಪನಿ ಇಂಟರ್‌ಫ್ಲೋರಾ ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಪ್ರಾಯೋಜಿತ ಲೇಖನಗಳ ಮೂಲಕ ಲಿಂಕ್ ಪಡೆದದ್ದಕ್ಕೆ ಗೂಗಲ್‌ನ ಶಿಕ್ಷೆಗೆ ಗುರಿಯಾಯಿತು. ತನ್ನ ಹೆಸರು ಹಾಕಿ ಹುಡುಕಿದರೂ ಸಿಗದಂತಾದ ಆ ಕಂಪನಿ ಹನ್ನೊಂದು ದಿನಗಳಲ್ಲೇ, ಅಲ್ಲಿನ ತಾಯಂದಿರ ದಿನದ ವ್ಯಾಪಾರಕ್ಕೆ ಮುಂಚೆ, ಮರಳಿ ಬಂತು. ಚನ್ನಪಟ್ಟಣದ ಒಬ್ಬ ಗೊಂಬೆ ವ್ಯಾಪಾರಿಗೆ ಇಂಥ ಶಿಕ್ಷೆಯಾಗಿದ್ದರೆ ಅಷ್ಟು ಬೇಗ ಯಾರು ಅಹವಾಲು ಕೇಳುತ್ತಿದ್ದರು? ಲಿಂಕ್ ಮಾರಿದ ಪತ್ರಿಕೆಗಳ ಸ್ಥಾನವನ್ನೂ ಗೂಗಲ್ ಇಳಿಸಿತು ಎಂಬುದನ್ನು ಪತ್ರಿಕೋದ್ಯಮದವರು ನೆನಪಿಡುವುದು ಒಳ್ಳೆಯದು.

ಗೂಗಲ್ ತನ್ನದೇ ಜಾಹೀರಾತಿನ ಪಟ್ಟಿಯನ್ನು ಕಾಪಾಡಿಕೊಂಡ ರೀತಿಯೂ ಹೆಮ್ಮೆಪಡುವಂಥದ್ದಲ್ಲ. ಒಂದು ಕಾಲಕ್ಕೆ ಜಾಹೀರಾತುಗಳ ಹಿಂದೆ ಬೇರೆಯೇ ಬಣ್ಣವಿರುತ್ತಿತ್ತು. ಆಮೇಲೆ ಬಣ್ಣ ಹೋಗಿ ಹಳದಿ ಚೌಕ ಉಳಿಯಿತು, 2016ರಲ್ಲಿ ಅದು ಹಸಿರಾಯಿತು, 2020ರ ಹೊತ್ತಿಗೆ ಬರೀ ಕಪ್ಪು ಅಕ್ಷರವಾಯಿತು. ಜಾಹೀರಾತು ಯಾವುದು, ಫಲಿತಾಂಶ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾದ ಸ್ಥಿತಿಗೆ ಬಂತು. ಜಾಹೀರಾತಿನಿಂದ ಬದುಕುವ ಹುಡುಕುತಾಣ ಬಳಕೆದಾರನಿಗಿಂತ ಜಾಹೀರಾತುದಾರನ ಕಡೆಗೇ ವಾಲುತ್ತದೆ ಎಂದು ಪೇಜ್ ಮತ್ತು ಬ್ರಿನ್ ತಮ್ಮ ಆ ಮೊದಲ ಪ್ರಬಂಧದಲ್ಲೇ ಎಚ್ಚರಿಸಿದ್ದರು! 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಹುಡುಕಾಟದಲ್ಲೂ ಅದರ ಪಠ್ಯ ಜಾಹೀರಾತಿನಲ್ಲೂ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ, ಪೈಪೋಟಿಯ ಅಂಜಿಕೆಯಿಲ್ಲದೆ ಜಾಹೀರಾತಿನ ದರ ಏರಿಸಬಲ್ಲದಾಗಿದೆ ಎಂದು ತೀರ್ಪಿತ್ತರು. ಗೂಗಲ್ ಆ ತೀರ್ಪನ್ನು ಒಪ್ಪಲಿಲ್ಲ.

ಏರುವ ದರದ ಬಿಸಿ ತಟ್ಟುವುದು ಚಿಕ್ಕ ವ್ಯಾಪಾರಿಗೆ. ಸಕಲೇಶಪುರದಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುವವರನ್ನು ಊಹಿಸಿಕೊಳ್ಳಿ. ಬೆಂಗಳೂರಿನವರನ್ನು ಸೆಳೆಯಲು ಜಾಹೀರಾತು ಹಾಕುತ್ತಾರೆ. ಪದಗಳ ಆಯ್ಕೆಯನ್ನು, ಹತ್ತಿರದ ಹುಡುಕಾಟಗಳಿಗೂ ಜಾಹೀರಾತು ತೋರಿಸುವ ‘ಬ್ರಾಡ್ ಮ್ಯಾಚ್’ನಲ್ಲಿ ಬಿಟ್ಟರೆ, ಕೋಣೆ ಬೇಕಾದವರ ಜತೆಗೆ ಹೋಮ್‌ಸ್ಟೇಯಲ್ಲಿ ಕೆಲಸ ಹುಡುಕುವವರ ಕ್ಲಿಕ್ಕಿಗೂ ದುಡ್ಡು ಹೋಗಬಹುದು. ಊರಿನ ಆಯ್ಕೆಯನ್ನು ಬದಲಿಸದಿದ್ದರೆ, ಬೆಂಗಳೂರಿನಲ್ಲಿ ಇರುವವರಿಗಷ್ಟೇ ಅಲ್ಲದೆ ಬೆಂಗಳೂರಿನ ಬಗ್ಗೆ ‘ಆಸಕ್ತಿ’ ಇರುವ ದೂರದವರಿಗೂ ಜಾಹೀರಾತು ಕಾಣುತ್ತದೆ. ಇವೆರಡನ್ನೂ ಸರಿಪಡಿಸಬಹುದು, ಸರಿಪಡಿಸುವ ಜಾಗ ಗೊತ್ತಿರಬೇಕಷ್ಟೆ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹಿಂದೊಮ್ಮೆ ಬಂದು ಉಳಿದಿದ್ದ ಅತಿಥಿ ಹೋಮ್‌ಸ್ಟೇಯ ಹೆಸರನ್ನೇ ಬರೆದು ಹುಡುಕಿದರೂ ಮೇಲೆ ಕಾಣುವುದು ಕಮಿಷನ್ ಪಡೆಯುವ ಬುಕಿಂಗ್ ಕಂಪನಿಯ ಜಾಹೀರಾತಾಗಿರಬಹುದು. ಅದನ್ನು ತಪ್ಪಿಸಲು ಮಾಲೀಕರು ತಮ್ಮ ಹೆಸರಿಗೆ ತಾವೇ ಕಪ್ಪ ಕಟ್ಟಬೇಕು.

ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಕೀವರ್ಡ್ ಆಗಿ ಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ನಮ್ಮ ಕೋರ್ಟುಗಳಿಗೂ ಹೋಗಿದೆ. ಅಗರ್ವಾಲ್ ಪ್ಯಾಕರ್ಸ್ ಆ್ಯಂಡ್ ಮೂವರ್ಸ್ ಹೆಸರಿನ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಗೂಗಲ್ ಇಲ್ಲಿ ಬರೀ ಗೋಡೆ ಬಾಡಿಗೆಗೆ ಕೊಟ್ಟವನಂತಲ್ಲ, ಜಾಹೀರಾತು ವ್ಯವಹಾರದಲ್ಲಿ ಸಕ್ರಿಯ ಪಾಲುದಾರ ಎಂದಿತು. ಆದರೆ ಗ್ರಾಹಕನಿಗೆ ಗೊಂದಲವಾಗದಿದ್ದರೆ ಕೀವರ್ಡ್ ಕೊಂಡದ್ದೇ ಟ್ರೇಡ್‌ಮಾರ್ಕ್ ಉಲ್ಲಂಘನೆಯಾಗದು ಎಂದೂ ಹೇಳಿತು. ಮೇಕ್‌ಮೈಟ್ರಿಪ್ ಇಂಥದ್ದೇ ತಕರಾರಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರಲ್ಲಿ ಬರಿಗೈಲಿ ಮರಳಿತು. ಕಾನೂನಿನ ತರ್ಕ ಇರಬಹುದು. ಆದರೂ ಕೋರ್ಟಿಗೆ ಹೋಗುವ ತಾಕತ್ತಿಲ್ಲದ ಚಿಕ್ಕವರ ಮಟ್ಟಿಗೆ ಇದು ಅನ್ಯಾಯವೇ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಲಿಂಕ್ ನ್ಯಾಯವಾಗಿ ಸಿಗುವುದೇ ಇಲ್ಲವೇ? ಸಿಗುತ್ತದೆ, ತಡವಾಗಿ ಸಿಗುತ್ತದೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ತಾಣವಾಗಿ, ಎಲ್ಲರೂ ಬಳಸಬಹುದಾದ ಮುಕ್ತ ದತ್ತಾಂಶವಾಗಿ ಹೊರಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಅಂಥ ತಾಣಕ್ಕೆ ಲಿಂಕ್ ಕೊಡಿ ಎಂದು ಯಾರನ್ನೂ ಬೇಡಬೇಕಿಲ್ಲ. ಬರೆಯುವವರಿಗೆ ಬೇಕಾಗುತ್ತದೆ, ಕೊಡುತ್ತಾರೆ. ವ್ಯಾಪಾರಕ್ಕೂ ಇದು ಒಗ್ಗದ್ದೇನಲ್ಲ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ, ಷೇರುಪೇಟೆಯ ಪಾಠಗಳನ್ನು ‘ವಾರ್ಸಿಟಿ’ ಎಂಬ ಹೆಸರಿನಲ್ಲಿ ಪುಕ್ಕಟೆಯಾಗಿ ಹಾಕಿತು. ಜಾಹೀರಾತಿಗೆ ದುಡ್ಡು ಸುರಿಯದೆ ಬೆಳೆದೆವು ಎಂದು ಅದರ ಸ್ಥಾಪಕರು ಹೇಳಿಕೊಳ್ಳುತ್ತಾರೆ. ಗಿರಾಕಿಗಳನ್ನು ಕರೆತಂದವರಿಗೆ ಪಾಲು ಕೊಡುವ ರೆಫರಲ್ ಪದ್ಧತಿ ಅವರಲ್ಲೂ ಇತ್ತು ಎಂಬುದನ್ನು ಇದರ ಜತೆಗೇ ಹೇಳಬೇಕು. ಆದರೂ ಪಾಠಕ್ಕೆ ಬಂದ ಲಿಂಕ್ ಪಾಠದ ಗುಣಕ್ಕೇ ಬಂದದ್ದು. ಹೋಮ್‌ಸ್ಟೇಯವರು ಇಷ್ಟು ದೊಡ್ಡದನ್ನು ಮಾಡಬೇಕಿಲ್ಲ. ಮಳೆಗಾಲದಲ್ಲಿ ಯಾವ ರಸ್ತೆ ಹಿಡಿಯಬೇಕು, ಯಾವ ಹೊಳೆಗೆ ಇಳಿಯಬಾರದು ಎಂದು ಕನ್ನಡದಲ್ಲಿ ನಿಜ ಬರೆದಿಟ್ಟರೆ ಚಾರಣಿಗರ ತಾಣಗಳು ಅದರತ್ತ ಬೊಟ್ಟು ಮಾಡುವ ಕಾರಣವಾದರೂ ಹುಟ್ಟುತ್ತದೆ.

ನಿಯಮಗಳನ್ನು ಗೂಗಲ್ ಒಬ್ಬನ ಕೈಗೇ ಬಿಡಬೇಕಾಗಿಯೂ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ, ಹೊಗಳುವವನಿಗೂ ಮಾರುವವನಿಗೂ ಇರುವ ನಂಟನ್ನು ಗ್ರಾಹಕನಿಗೆ ಪೂರ್ತಿ ತಿಳಿಸಬೇಕು ಎನ್ನುತ್ತದೆ. 2023ರ ನವೆಂಬರ್‌ನ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯ ಹದಿಮೂರು ವಂಚನೆಗಳ ಪಟ್ಟಿಯಲ್ಲಿ ಸುದ್ದಿಯ ವೇಷದ ಜಾಹೀರಾತೂ ಇದೆ. ಕೊಂಡ ಲಿಂಕ್ ಹೊತ್ತ ಲೇಖನವೂ ಇವುಗಳ ವ್ಯಾಪ್ತಿಗೆ ಬರುತ್ತದೆ ಎಂದು ಪ್ರಾಧಿಕಾರ ಒಂದು ಸ್ಪಷ್ಟನೆ ಹೊರಡಿಸಬೇಕು. ಸುದ್ದಿತಾಣಗಳು ಪ್ರಾಯೋಜಿತ ಬರಹದ ಪಟ್ಟಿಯನ್ನು ಸುದ್ದಿಯ ಅಕ್ಷರದಷ್ಟೇ ದಪ್ಪವಾಗಿ, ಶೀರ್ಷಿಕೆಯ ಮೇಲೆಯೇ ಹಾಕಬೇಕು. ಅಲ್ಲಿಯವರೆಗೆ ವ್ಯಾಪಾರಿಗಳಿಗೆ ಒಂದು ಮಾತು: ಯಾವುದೇ ಏಜೆನ್ಸಿಗೆ ಮುಂಗಡ ಕೊಡುವ ಮುನ್ನ, ಅವರು ಹಾಕಿಸುವ ಪ್ರತಿ ಲಿಂಕಿನ ವಿಳಾಸವನ್ನೂ ಅದಕ್ಕೆ ಅವರು ಕೊಡುವ ದುಡ್ಡಿನ ಲೆಕ್ಕವನ್ನೂ ಬರವಣಿಗೆಯಲ್ಲಿ ಕೇಳಿ. ಕೊಡಲು ಹಿಂಜರಿದರೆ ಬೇರೆಯವರನ್ನು ನೋಡಿಕೊಳ್ಳಿ.