ಕೊನೆಯ ಮೂವತ್ತು ಅಡಿಯ ಹೊಣೆ ಯಾರದು?

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದ ಬಂಡೆಯಿಂದ ಧುಮುಕಿ, ಮೂಡಲಗಿಯ ಕಬ್ಬಿನ ಬಯಲನ್ನು ಹಾದು ಕೃಷ್ಣೆಯತ್ತ ಸಾಗುತ್ತದೆ. ಘಟ್ಟದ ಕಾಡು ಉಳಿದರೆ ಬಯಲಿನ ಕೊಡ ತುಂಬುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ಕಾಡು, ನದಿ, ಜಲಾಶಯಗಳ ಬಗ್ಗೆ ಇಷ್ಟೆಲ್ಲ ಮಾತನಾಡುವ ನಾವು, ಬೀದಿಯ ಮುಖ್ಯ ಕೊಳವೆಯಿಂದ ಅಡುಗೆಮನೆಯ ನಲ್ಲಿಯವರೆಗಿನ ಕೊನೆಯ ಮೂವತ್ತು ಅಡಿಯ ಬಗ್ಗೆ ಯೋಚಿಸಿದ್ದು ಕಡಿಮೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ಗ್ರಾಮೀಣ ಕುಟುಂಬಗಳ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರನ್ನು ನಲ್ಲಿಯ ಮೂಲಕ ಕೊಡುವ ಭರವಸೆ ನೀಡಿತು. ಕರ್ನಾಟಕದಲ್ಲಿ ಅದು ‘ಮನೆಮನೆಗೆ ಗಂಗೆ’ ಎಂಬ ಹೆಸರು ಪಡೆಯಿತು. ಕೊಡ ಹೊತ್ತು ಬೆನ್ನು ಬಾಗಿದ ಹೆಣ್ಣುಮಕ್ಕಳಿಗೆ ಅದು ದೊಡ್ಡ ಬಿಡುಗಡೆಯೇ ಸರಿ. ಆದರೆ ನಲ್ಲಿ ಬಂದ ಮಾತ್ರಕ್ಕೆ ನೀರು ನಿರಪಾಯ ಎಂದು ಭಾವಿಸುವಂತಿಲ್ಲ. 2022ರ ಅಕ್ಟೋಬರಿನಲ್ಲಿ ಇದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಗೆ ತುತ್ತಾದರು, ಸಾವುಗಳೂ ಸಂಭವಿಸಿದವು. ರೋಗಾಣು ಎರಡೇ ದಿನದಲ್ಲಿ ಊರನ್ನೇ ಎಬ್ಬಿಸುತ್ತದೆ. ಕೊಳವೆಯಿಂದ ಬರುವ ಇನ್ನೊಂದು ವಿಷ ಯಾರನ್ನೂ ಎಬ್ಬಿಸದೆ ಕೆಲಸ ಮಾಡುತ್ತದೆ. ಅದು ಸೀಸ.

ಸೀಸಕ್ಕೆ ನೀರಿನಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮಗುವಿನ ಕಲಿಕೆ, ಗಮನ, ಬೆಳವಣಿಗೆಗಳಿಗೆ ಅದು ಧಕ್ಕೆ ತರುತ್ತದೆ; ಎಲುಬಿನಲ್ಲಿ ಸೇರಿ ದಶಕಗಳ ಕಾಲ ಉಳಿಯುತ್ತದೆ. ಅಪಾಯವಿಲ್ಲದ ಪ್ರಮಾಣವೆಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500, 2012ರ ಆವೃತ್ತಿಯಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಎಂಬ ಮಿತಿಯನ್ನಿಟ್ಟು, ಅದಕ್ಕೆ ಯಾವ ಸಡಿಲಿಕೆಯನ್ನೂ ಕೊಟ್ಟಿಲ್ಲ. 2020ರ ಯುನಿಸೆಫ್ ವರದಿಯಂತೆ, ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಕಳವಳಕಾರಿ ಮಟ್ಟದಲ್ಲಿದೆ. ಹಳೆಯ ಬ್ಯಾಟರಿ, ಬಣ್ಣ, ಕಲಬೆರಕೆ ಮಸಾಲೆ, ಪಾತ್ರೆ ಎಲ್ಲಕ್ಕೂ ಅದರಲ್ಲಿ ಪಾಲುಂಟು. ನೀರು ಅವುಗಳಲ್ಲಿ ಒಂದು ದಾರಿ.

ಅಮೆರಿಕದ ಹಲವು ನಗರಗಳಲ್ಲಿ ಬೀದಿಯಿಂದ ಮನೆಗೆ ಹೋಗುವ ಹಳೆಯ ಕೊಳವೆಗಳಲ್ಲಿ ಅನೇಕವು ಸೀಸದವು. 1986ರಲ್ಲಿ ಹೊಸದಾಗಿ ಅವನ್ನು ಹಾಕುವುದನ್ನು ನಿಷೇಧಿಸಿದ ಆ ದೇಶ, ಹಳೆಯವನ್ನು ಹತ್ತು ವರ್ಷಗಳಲ್ಲಿ ತೆಗೆಯಬೇಕೆಂಬ ನಿಯಮ ಹೊರಡಿಸಿದ್ದು 2024ರಲ್ಲಿ. ನಮ್ಮಲ್ಲಿ ಸೀಸ ಬೇರೆ ವೇಷದಲ್ಲಿ ಬರುತ್ತದೆ. ಪಿವಿಸಿ ಪೈಪು ತಯಾರಾಗುವಾಗ ಶಾಖಕ್ಕೆ ಕೆಡದಂತೆ ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿ ದೀರ್ಘಕಾಲ ಇತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಈ ಬಗ್ಗೆ ಸೂಚನೆ ನೀಡಿದ ಮೇಲೆ, 2021ರಲ್ಲಿ ಕೇಂದ್ರ ಸರಕಾರ ಇದನ್ನು ನಿಯಂತ್ರಿಸುವ ನಿಯಮಾವಳಿಯನ್ನು ತಂದಿತು. ನಿಯಮ ಹೊಸ ಪೈಪಿಗೆ ಅನ್ವಯಿಸೀತು. ಅದಕ್ಕೆ ಮೊದಲೇ ನೆಲದಲ್ಲಿ ಹೂತಿರುವ ಪೈಪನ್ನು ಅದು ಅಗೆದು ತೆಗೆಯದು. ಇದರ ಜೊತೆಗೆ ಹಳೆಯ ಬೀಡುಕಬ್ಬಿಣದ ಕೊಳವೆಗಳ ಸಂದುಗಳಲ್ಲಿ ಕಾಸಿ ಎರೆದ ಸೀಸವಿದೆ, ಅಗ್ಗದ ಹಿತ್ತಾಳೆ ನಲ್ಲಿಗಳಲ್ಲಿಯೂ ಸೀಸವಿರುತ್ತದೆ.

ಹೊಲದ ಬೋರ್‌ವೆಲ್ಲಿಗೆ ತಂದು ಉಳಿದ ಪೈಪನ್ನೇ ಮನೆಗೂ ಹಾಯಿಸುವುದು ನೀರಾವರಿ ಹಳ್ಳಿಗಳಲ್ಲಿ ಅಪರೂಪವಲ್ಲ. 2019ರ ಆಗಸ್ಟಿನ ಮಹಾಪೂರ ಘಟಪ್ರಭೆಯ ದಂಡೆಯ ಊರುಗಳನ್ನು ಮುಳುಗಿಸಿತು. ಅಂಥ ನೆರೆಯ ಬಳಿಕ ಒಡೆದ ಕೊಳವೆಗಳ ಜಾಗದಲ್ಲಿ ಯಾವ ಪೈಪನ್ನು ಜೋಡಿಸಲಾಯಿತೆಂಬ ದಾಖಲೆಯನ್ನು ಯಾವ ಪಂಚಾಯಿತಿ ಇಟ್ಟಿದೆ?

ನೀರಿನ ಗುಣವೂ ಇಲ್ಲಿ ಮುಖ್ಯ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಅದರ ಸುಣ್ಣ ಕೊಳವೆಯೊಳಗೆ ಪದರುಗಟ್ಟಿ ಸೀಸಕ್ಕೆ ಒಂದಿಷ್ಟು ತಡೆಯಾಗುತ್ತದೆ. ಮಳೆಯಿಂದ ತುಂಬಿದ ಜಲಾಶಯದ ನೀರು ಮೆದು. ಸೀಸ ಅದರಲ್ಲಿ ಹೆಚ್ಚು ಸುಲಭವಾಗಿ ಕರಗುತ್ತದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲವನ್ನು ಬದಲಿಸಿದಾಗ ಹಳೆಯ ಕೊಳವೆಗಳ ಸವೆತವನ್ನು ತಡೆಯುವ ಉಪಚಾರ ಮಾಡಲಿಲ್ಲ. ಸೀಸ ಮನೆಮನೆಯ ನಲ್ಲಿಗೆ ಬಂತು. ಬೋರ್‌ವೆಲ್ ಬಿಟ್ಟು ನದಿನೀರಿಗೆ ಬದಲಾಗುವ ಹಳ್ಳಿಗಳಿಗೆ ಇದರಲ್ಲಿ ಪಾಠವಿದೆ. ಘಟ್ಟದವರಿಗಂತೂ ಇನ್ನೂ ಹೆಚ್ಚು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಮೆದುವೂ ಹೌದು, ಸಾಮಾನ್ಯವಾಗಿ ತುಸು ಆಮ್ಲೀಯವೂ ಹೌದು. ಬಿಸಿಲಿಗೆ ಬಿದ್ದು ಬಿರುಕುಬಿಟ್ಟ ಹಳೆಯ ಪಿವಿಸಿ ಪೈಪಿನಲ್ಲಿ ಅದು ರಾತ್ರಿಯಿಡೀ ನಿಂತರೆ, ಬೆಟ್ಟದ ನೀರು ಅಮೃತವೆಂಬ ನಂಬಿಕೆ ನಮ್ಮ ಮಕ್ಕಳನ್ನು ಕಾಯದು.

ಹಾಗಾದರೆ ಮಾಡಬೇಕಾದುದೇನು? ಗ್ರಾಮಗಳಿಗೆ ಕೊಟ್ಟಿರುವ ಸಾಮಾನ್ಯ ಪರೀಕ್ಷಾ ಪೆಟ್ಟಿಗೆ ಫ್ಲೋರೈಡ್, ನೈಟ್ರೇಟ್, ಗಡಸುತನ, ರೋಗಾಣುಗಳನ್ನು ತೋರಿಸೀತು, ಸೀಸವನ್ನು ತೋರಿಸದು. ಅದಕ್ಕೆ ಪ್ರಯೋಗಾಲಯವೇ ಬೇಕು. ಮಾದರಿಯನ್ನು ಟ್ಯಾಂಕಿನ ಬುಡದಲ್ಲಿ ತೆಗೆಯದೆ, ಶಾಲೆ, ಅಂಗನವಾಡಿ ಮತ್ತು ಮನೆಗಳ ನಲ್ಲಿಯಲ್ಲಿ, ರಾತ್ರಿಯಿಡೀ ನಿಂತ ಬೆಳಗಿನ ಮೊದಲ ನೀರಿನಿಂದಲೇ ತೆಗೆಯಬೇಕೆಂದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳು ಒತ್ತಾಯಿಸಲಿ. ಟೆಂಡರಿನಲ್ಲಿ ‘ಸೀಸರಹಿತ’ ಎಂಬ ಷರತ್ತು ಸ್ಪಷ್ಟವಾಗಿರಲಿ. ಸೀಸದ ಅಗತ್ಯವೇ ಇಲ್ಲದ ಎಚ್‌ಡಿಪಿಇ ಕೊಳವೆ ಪೇಟೆಯಲ್ಲಿ ಸಿಗುತ್ತದೆ. ಮನೆಯಲ್ಲಿ ಬೆಳಗಿನ ಮೊದಲ ನೀರನ್ನು ತೊಳೆಯುವುದಕ್ಕೋ ಗಿಡಕ್ಕೋ ಬಳಸಿ, ಆಮೇಲಿನದನ್ನು ಕುಡಿಯಲು ಹಿಡಿಯುವುದು ಖರ್ಚಿಲ್ಲದ ಎಚ್ಚರಿಕೆ. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು, ಹಾಗೆಯೇ ಘಟ್ಟದ ವಿದ್ಯಾರ್ಥಿಗಳು, ತಮ್ಮ ಬೀದಿಯ ಪೈಪುಗಳ ಪಟ್ಟಿಯೊಂದನ್ನು ಮಾಡಲಿ: ಯಾವ ಬಗೆಯದು, ಯಾವ ವರ್ಷದ್ದು, ಅದರ ಮೇಲೆ ಯಾವ ಗುರುತಿದೆ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯ ಮುಂದಿಡಲಿ. ನದಿಯನ್ನು ಉಳಿಸುವ ಚಳವಳಿಗೆ ನಲ್ಲಿಯ ಚಿಂತೆ ಸಣ್ಣದೆನಿಸಬಾರದು. ನದಿ ಮಗುವಿನ ಬಾಯಿಗೆ ಸೇರುವುದು ಆ ನಲ್ಲಿಯಿಂದಲೇ.